ರಕ್ಷಣಾ ತಂಡದಿಂದ ಸಣ್ಣ ತಳಿಯ ನಾಯಿಯನ್ನು ದತ್ತು ಪಡೆಯುವುದು: ಹಾಸನ, ಚಿಕ್ಕಮಗಳೂರಿನವರಿಗೆ ಒಂದು ಕೈಪಿಡಿ

ಪಗ್, ಪಮೇರಿಯನ್, ಶಿಟ್ಜು, ಡ್ಯಾಶ್‌ಹಂಡ್‌ನಂತಹ ಸಣ್ಣ ತಳಿಯ ನಾಯಿಯೊಂದು ರಕ್ಷಣಾ ತಂಡದ ಕೈಗೆ ಬಂದಿದೆ ಎಂದರೆ, ಅದು ಬಹುಮಟ್ಟಿಗೆ ಒಂದು ಮನೆಯನ್ನು ಈಗಾಗಲೇ ಕಳೆದುಕೊಂಡಿದೆ ಎಂದೇ ತಿಳಿಯಬೇಕು. ಆದ್ದರಿಂದ ದತ್ತು ಪಡೆಯಲು ಹೊರಟವರು ಬಣ್ಣ, ವಯಸ್ಸು, ತಳಿಯ ಶುದ್ಧತೆಗಳನ್ನು ವಿಚಾರಿಸುವ ಮೊದಲು, ಆ ಮನೆ ಅದಕ್ಕೆ ಏಕೆ ತಪ್ಪಿತು ಎಂದು ಕೇಳುವುದು ಒಳ್ಳೆಯದು. ಸಾಕಿದ್ದ ಹಿರಿಯರು ತೀರಿಕೊಂಡು ಮಕ್ಕಳು ಬೆಂಗಳೂರಿನ ಫ್ಲ್ಯಾಟಿಗೆ ಒಯ್ಯಲಾಗದೆ ಬಿಟ್ಟ ನಾಯಿಗೆ ಸಾಮಾನ್ಯವಾಗಿ ಮನೆಯ ಅಭ್ಯಾಸ ಚೆನ್ನಾಗಿಯೇ ಇರುತ್ತದೆ; ಅದಕ್ಕೆ ಬೇಕಾದದ್ದು ಕೆಲವು ವಾರಗಳ ತಾಳ್ಮೆ. ಚರ್ಮದ ಕಾಯಿಲೆಯ ಖರ್ಚಿಗೆ ಬೇಸತ್ತು ಬಿಟ್ಟ ನಾಯಿಯಾದರೆ ಆ ಖರ್ಚು ಇನ್ನು ನಿಮ್ಮದಾಗುತ್ತದೆ. ಕಚ್ಚುತ್ತದೆ ಎಂದು ಬಿಟ್ಟಿದ್ದರೆ ಯಾವಾಗ, ಯಾರಿಗೆ, ಏನು ಮಾಡುತ್ತಿದ್ದಾಗ ಕಚ್ಚಿತು ಎಂಬುದನ್ನು ಬಿಡಿಸಿ ಕೇಳಬೇಕು, ಏಕೆಂದರೆ ತಿನ್ನುವಾಗ ತಟ್ಟೆಗೆ ಕೈಹಾಕಿದ ಮಗುವನ್ನು ಕಚ್ಚಿದ ನಾಯಿಯೂ ಕಾರಣವಿಲ್ಲದೆ ಮೇಲೆ ಬೀಳುವ ನಾಯಿಯೂ ಒಂದೇ ಅಲ್ಲ.

ಇನ್ನೊಂದು ಬಗೆಯ ನಾಯಿಯ ಕುರಿತು ಪ್ರತ್ಯೇಕವಾಗಿಯೇ ಹೇಳಬೇಕು. ಮರಿ ಮಾರಾಟಕ್ಕೆಂದೇ ಇಟ್ಟುಕೊಂಡಿದ್ದ ಹೆಣ್ಣುನಾಯಿ, ಪ್ರತಿ ಬೆದೆಗೂ ಮರಿ ಹಾಕಿ ಹಾಕಿ ಸೋತ ಮೇಲೆ, ಊರ ಹೊರಗಿನ ರಸ್ತೆಯಲ್ಲೋ ತೋಟದ ಗೇಟಿನ ಬಳಿಯೋ ಸಿಗುತ್ತದೆ. ನಾಯಿ ಸಾಕಣೆ ಮತ್ತು ಮಾರಾಟದ ಕುರಿತು 2017ರಲ್ಲಿ ಬಂದ ನಿಯಮಗಳು ಸಾಕಣೆದಾರರ ನೋಂದಣಿಯನ್ನು ಕಡ್ಡಾಯಗೊಳಿಸಿವೆ, ಎಂಟು ವಾರ ತುಂಬದ ಮರಿಯ ಮಾರಾಟವನ್ನು ನಿಷೇಧಿಸಿವೆ. ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಂತಹ ನಾಯಿಗಳು ಸಿಗುತ್ತಲೇ ಇವೆ. ಜೋತುಬಿದ್ದ ಮೊಲೆಗಳು, ಮಾಸಿದ ಹಲ್ಲು, ಮನುಷ್ಯರ ಕೈ ಮೇಲೆತ್ತಿದರೆ ನೆಲಕ್ಕೆ ಅಂಟಿಕೊಳ್ಳುವ ಭಯ ಇವುಗಳನ್ನು ಕಂಡು ಹಿಂಜರಿಯಬೇಕಾಗಿಲ್ಲ. ಗದ್ದಲವಿಲ್ಲದ ಮನೆಯಲ್ಲಿ ಇವು ಬಹಳ ಶಾಂತವಾಗಿ ಹೊಂದಿಕೊಳ್ಳುವುದುಂಟು. ಸಣ್ಣ ತಳಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುವುದು ಸಾಮಾನ್ಯವಾದ್ದರಿಂದ ಆರು ವರ್ಷದ ನಾಯಿಯನ್ನು ಮುದಿಯೆಂದು ತಳ್ಳಿಹಾಕುವುದೂ ಸರಿಯಲ್ಲ.

ತಂಡವನ್ನು ಹುಡುಕುವುದು

ನಮ್ಮ ಎರಡು ಜಿಲ್ಲೆಗಳಲ್ಲಿ ಈ ಕೆಲಸ ಹೆಚ್ಚಾಗಿ ನಡೆಯುವುದು ಸ್ವಯಂಸೇವಕರ ಸಣ್ಣ ಗುಂಪುಗಳ ಮೂಲಕ. ಅವರಿಗೆ ದೊಡ್ಡ ಆಶ್ರಯಧಾಮಗಳಿರುವುದಿಲ್ಲ. ಸಿಕ್ಕಿದ ನಾಯಿಯನ್ನು ಯಾರದಾದರೂ ಮನೆಯಲ್ಲಿ ತಾತ್ಕಾಲಿಕವಾಗಿ ಇಟ್ಟು, ವಾಟ್ಸ್ಯಾಪ್‌ನಲ್ಲೂ ಇನ್‌ಸ್ಟಾಗ್ರಾಂನಲ್ಲೂ ಫೋಟೊ ಹಾಕುತ್ತಾರೆ. ಅವರ ಸಂಪರ್ಕ ಸಿಗದಿದ್ದರೆ ನಿಮ್ಮ ಊರಿನ ಪಶುವೈದ್ಯರನ್ನು ಕೇಳಿ. ಗಾಯಗೊಂಡ ನಾಯಿಯನ್ನು ಯಾರು ಹೊತ್ತು ತರುತ್ತಾರೆ, ಬಿಲ್ಲನ್ನು ಯಾರು ಕೈಯಿಂದ ಕಟ್ಟುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹಾಸನದಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ ವಿಚಾರಿಸಬಹುದು. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂತಹ ದೊಡ್ಡ ಸಂಸ್ಥೆಗಳಿವೆ. ಹೊರಜಿಲ್ಲೆಯವರಿಗೆ ನಾಯಿ ಕೊಡುತ್ತಾರೆಯೇ ಎಂಬುದನ್ನು ಹೊರಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಬೇಕು.

ಒಳ್ಳೆಯ ತಂಡ ನಿಮ್ಮನ್ನು ಪ್ರಶ್ನಿಸುತ್ತದೆ. ಮನೆ ಸ್ವಂತದ್ದೇ, ಬಾಡಿಗೆಯದಾದರೆ ಮಾಲೀಕರ ಒಪ್ಪಿಗೆ ಇದೆಯೇ, ಮನೆಯಲ್ಲಿ ಎಲ್ಲರಿಗೂ ಇಷ್ಟವೇ ಎಂದು ಕೇಳುತ್ತದೆ; ಮನೆ ನೋಡಲು ಒಬ್ಬರನ್ನು ಕಳುಹಿಸುತ್ತದೆ ಅಥವಾ ವಿಡಿಯೊ ಕರೆಯಲ್ಲಿ ತೋರಿಸಲು ಹೇಳುತ್ತದೆ. “ಇಬ್ಬರೂ ಕೆಲಸಕ್ಕೆ ಹೋದ್ರೆ ಸಂಜೆವರೆಗೆ ಇದು ಯಾರ ಜೊತೆ ಇರತ್ತೆ ಮೇಡಂ?” ಎಂಬಂತಹ ಪ್ರಶ್ನೆಯನ್ನು ಕೆಲವರು ಅವಮಾನವೆಂದು ಭಾವಿಸುತ್ತಾರೆ. ಹಾಗೆ ಭಾವಿಸಬೇಕಾಗಿಲ್ಲ: ಎರಡನೆಯ ಸಲ ಮನೆ ತಪ್ಪಬಾರದೆಂಬ ಎಚ್ಚರಿಕೆ ಅದು. ಲಸಿಕೆ, ಶಸ್ತ್ರಚಿಕಿತ್ಸೆಗಳ ಖರ್ಚಿನ ಒಂದು ಭಾಗವನ್ನು ತಂಡ ಕೇಳಿದರೆ ಅದೂ ನ್ಯಾಯವೇ.

ಏನನ್ನೂ ಕೇಳದೆ ಕೊಡುವವರ ಬಗ್ಗೆಯೇ ಸಂಶಯಪಡಬೇಕು. ‘ಉಚಿತ ದತ್ತು’ ಎಂದು ಮುದ್ದಾದ ಮರಿಯ ಫೋಟೊ ಹಾಕಿ, ಸಾಗಣೆ ಖರ್ಚು, ವಿಮೆ ಎಂದು ಮುಂಗಡವಾಗಿ ಹಣ ಹಾಕಿಸಿಕೊಂಡು ಫೋನ್ ಬಂದ್ ಮಾಡುವ ವಂಚನೆ ಈಗ ಸಾಮಾನ್ಯವಾಗಿದೆ. ನಾಯಿಯನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ.

ಮನೆಗೂ ಹವೆಗೂ ಹೊಂದುವ ನಾಯಿ

ತಳಿಯ ಆಸೆ ಇದ್ದೇ ಇರುತ್ತದೆ, ಆದರೆ ಒಂದೇ ಜಿಲ್ಲೆಯೊಳಗೆ ಕಡೂರಿನ ಬಿಸಿಲೂ ಮೂಡಿಗೆರೆಯ ಮಳೆಯೂ ಇರುವ ನಮ್ಮಲ್ಲಿ ಮೊದಲು ಹವೆಯನ್ನು ನೋಡಬೇಕು. ಪಗ್‌ನ ಮೂಗು ಚಪ್ಪಟೆ, ಉಸಿರಿನ ದಾರಿ ಕಿರಿದು. ನಾಯಿಗಳು ಏದುಸಿರಿನಿಂದಲೇ ಮೈಯ ಬಿಸಿಯನ್ನು ಹೊರಹಾಕಬೇಕಾಗಿರುವುದರಿಂದ, ಅರಸೀಕೆರೆ, ಕಡೂರು ಕಡೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಸ್ವಲ್ಪ ಓಡಿದರೂ ಅದು ಕುಸಿದುಬೀಳಬಹುದು. 2003ರ ಹಚ್ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆಯೇ ಓಡಿದ ಪಗ್ ಈ ಸಂಗತಿಯನ್ನೇನೂ ಹೇಳಲಿಲ್ಲ. ಶಿಟ್ಜುವಿನ ಉದ್ದ ಕೂದಲು ಸಕಲೇಶಪುರದ ಜುಲೈ ತಿಂಗಳಲ್ಲಿ ಒಣಗುವುದೇ ಇಲ್ಲ. ಗಂಟುಕಟ್ಟಿದ ಕೂದಲಿನ ಕೆಳಗೆ ಚರ್ಮ ಕೊಳೆಯುತ್ತದೆ. ಮಳೆಗಾಲಕ್ಕೆ ಮೊದಲೇ ಕೂದಲನ್ನು ಗಿಡ್ಡವಾಗಿ ಕತ್ತರಿಸಿ, ಹೊರಗೆ ಹೋಗಿಬಂದಾಗಲೆಲ್ಲ ಕಿವಿ, ಕಾಲ್ಬೆರಳ ಸಂದುಗಳನ್ನು ಒರೆಸುವ ವ್ಯವಧಾನ ಇದ್ದವರು ಮಾತ್ರ ಅದನ್ನು ಆರಿಸಿಕೊಳ್ಳಲಿ. ಡ್ಯಾಶ್‌ಹಂಡ್‌ನ ಉದ್ದ ಬೆನ್ನಿಗೆ ಎತ್ತರದ ಜಗುಲಿಯಿಂದ ನೆಗೆಯುವುದು ಅಪಾಯಕಾರಿ: ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿದರೆ ಹಿಂಗಾಲುಗಳು ಬಿದ್ದುಹೋಗಬಹುದು.

ನನ್ನ ಮಟ್ಟಿಗೆ ಹೇಳುವುದಾದರೆ, ನಮ್ಮಲ್ಲಿ ಪಮೇರಿಯನ್ ಎಂದು ಕರೆಯಲಾಗುವ, ವಾಸ್ತವದಲ್ಲಿ ಬಹುಪಾಲು ಇಂಡಿಯನ್ ಸ್ಪಿಟ್ಜ್ ಆಗಿರುವ ನಾಯಿಯೇ ಈ ಭಾಗಕ್ಕೆ ಹೆಚ್ಚು ಹೊಂದುತ್ತದೆ. ಬೊಗಳುವುದು ಜಾಸ್ತಿ, ಅಕ್ಕಪಕ್ಕದ ಗೋಡೆ ಅಂಟಿಕೊಂಡಿರುವ ಮನೆಯವರು ಅದನ್ನು ಯೋಚಿಸಬೇಕು. ಸಣ್ಣ ತಳಿ ಮತ್ತು ನಾಡನಾಯಿಯ ಮಿಶ್ರಣವಾಗಿರುವ ನಾಯಿ ಸಿಕ್ಕಿದರೆ ಬಿಡಬೇಡಿ.

ನೋಡಲು ಹೋದಾಗ

ಒಂದೇ ಭೇಟಿಯಲ್ಲಿ ನಿರ್ಧರಿಸದೆ, ಸಾಧ್ಯವಾದರೆ ಇನ್ನೊಮ್ಮೆ ಬೇರೆ ಹೊತ್ತಿನಲ್ಲಿ ಹೋಗಿ. ಮನೆಯ ಮಕ್ಕಳನ್ನೂ ಕರೆದೊಯ್ಯಿರಿ. ನಾಯಿಯ ಮೇಲೆ ಬಗ್ಗದೆ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು, ಅದಾಗಿಯೇ ಬಂದು ಮೂಸುವವರೆಗೆ ಕಾಯಬೇಕು. ಅದು ವಿಶ್ರಾಂತಿಯಲ್ಲಿದ್ದಾಗಲೂ ಗೊರಗೊರ ಸದ್ದು ಮಾಡುತ್ತಿದೆಯೇ ಎಂದು ಕೇಳಿಸಿಕೊಳ್ಳಿ. ನಂತರ ಅಂಗಳದಲ್ಲಿ ನಡೆಸಿ ನೋಡಿ. ನಡೆಯುತ್ತಾ ನಡೆಯುತ್ತಾ ಒಂದು ಹಿಂಗಾಲನ್ನು ಎರಡು ಹೆಜ್ಜೆಯಷ್ಟು ಹೊತ್ತು ಮೇಲೆತ್ತಿ, ಮೂರೇ ಕಾಲಲ್ಲಿ ಕುಪ್ಪಳಿಸಿ, ಮತ್ತೆ ಏನೂ ಆಗದಂತೆ ಕಾಲೂರಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಸಣ್ಣ ತಳಿಗಳಲ್ಲಿ ಇದು ಹೆಚ್ಚು. ತುಟಿಯನ್ನು ಮೆಲ್ಲಗೆ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಡಿ: ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡೇ ಬಿಳಿಚಿಕೊಂಡಿದ್ದರೆ ಉಣ್ಣೆಯಿಂದ ಹರಡುವ ಜ್ವರವಿರಬಹುದೆಂದು ರಕ್ತ ಪರೀಕ್ಷೆ ಮಾಡಿಸಲು ಕೇಳಿ. ಹಲ್ಲಿನ ಮೇಲೆ ಕಂದು ಗಾರೆ ಕಟ್ಟಿರುವುದು, ಬಾಯಿ ನಾರುವುದು ಸಣ್ಣ ನಾಯಿಗಳಲ್ಲಿ ಸಾಮಾನ್ಯ. ಇವುಗಳಲ್ಲಿ ಯಾವುದೂ ನಾಯಿಯನ್ನು ತಿರಸ್ಕರಿಸಲು ಕಾರಣವಲ್ಲ. ಮುಂದೆ ಬರುವ ಖರ್ಚನ್ನು ಮೊದಲೇ ತಿಳಿದಿರಲು ಇಷ್ಟು ನೋಡಬೇಕು.

ಲಸಿಕೆ ಕಾರ್ಡಿನಲ್ಲಿ ರೇಬೀಸ್ ಲಸಿಕೆಯ ದಿನಾಂಕ, ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ ವೈರಸ್ ಕಾಯಿಲೆಗಳಿಗೆ ಕೊಟ್ಟ ಸಂಯುಕ್ತ ಲಸಿಕೆ, ವೈದ್ಯರ ಸಹಿ ಇವೆಯೇ ನೋಡಿ. ನಿಮ್ಮ ಮನೆಯಲ್ಲಿ ಈ ಹಿಂದೆ ಮರಿಯೊಂದು ಪಾರ್ವೊದಿಂದ ಸತ್ತಿದ್ದರೆ ಅದನ್ನು ಮುಚ್ಚಿಡದೆ ತಂಡಕ್ಕೆ ಹೇಳಿ, ಏಕೆಂದರೆ ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ಣಗೊಳ್ಳದ ಮರಿಯನ್ನು ಅಂತಹ ಅಂಗಳಕ್ಕೆ ತರಬಾರದು.

ಕರೆತರುವುದು ಮತ್ತು ಮೊದಲ ವಾರಗಳು

ಬೆಂಗಳೂರಿನಿಂದ ತರುವುದಾದರೆ ಕಾರೇ ಲೇಸು. ಹೊರಡುವ ಮುನ್ನ ಹೊಟ್ಟೆ ತುಂಬ ತಿನ್ನಿಸಬೇಡಿ, ನೀರು ಕೊಡಿ, ನಾಯಿಯನ್ನು ಬೋನಿನಲ್ಲಿಯೋ ಹಿಂದಿನ ಸೀಟಿನಲ್ಲಿ ಒಬ್ಬರ ಪಕ್ಕದಲ್ಲಿಯೋ ಕೂರಿಸಿ. ದಾರಿಯಲ್ಲಿ ಎಲ್ಲಿ ನಿಲ್ಲಿಸಿದರೂ ಬಾಗಿಲು ತೆರೆಯುವ ಮೊದಲು ಹಗ್ಗ ಕೈಯಲ್ಲಿರಬೇಕು: ನಿಮ್ಮ ಗುರುತೇ ಇಲ್ಲದ ನಾಯಿ ಹೆದ್ದಾರಿಯಲ್ಲಿ ತಪ್ಪಿಸಿಕೊಂಡರೆ ಕರೆದರೆ ಬರುವುದಿಲ್ಲ. ಸಣ್ಣ ತಳಿಗಳ ಗಂಟಲ ನಾಳ ಮೃದುವಾದ್ದರಿಂದ ಕುತ್ತಿಗೆಯ ಬೆಲ್ಟಿಗಿಂತ ಎದೆಯನ್ನು ಸುತ್ತುವ ಹಾರ್ನೆಸ್ ಉತ್ತಮ.

ರಕ್ಷಣಾ ತಂಡದವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಒಂದು ಅಂದಾಜನ್ನು ಹೇಳುತ್ತಾರೆ. ಮೊದಲ ಮೂರು ದಿನ ನಾಯಿ ಮೂಲೆ ಹಿಡಿಯಬಹುದು, ತಿನ್ನದಿರಬಹುದು; ಮೂರು ವಾರಗಳಲ್ಲಿ ಮನೆಯ ಹೊತ್ತುಗೊತ್ತು ಅದಕ್ಕೆ ತಿಳಿಯುತ್ತದೆ; ನಿಜವಾದ ಸ್ವಭಾವ ಹೊರಬರಲು ಮೂರು ತಿಂಗಳು ಬೇಕಾಗುತ್ತದೆ. ಆದ್ದರಿಂದ ಮೊದಲ ಭಾನುವಾರವೇ ನೆಂಟರಿಷ್ಟರನ್ನೆಲ್ಲ ಕರೆದು ತೋರಿಸುವುದು, ಬಂದ ದಿನವೇ ಸ್ನಾನ ಮಾಡಿಸುವುದು ಬೇಡ. ಮಲಗಿದಾಗ ಮತ್ತು ತಿನ್ನುವಾಗ ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ಹಲ್ಲು ತಾಗಿ ಗಾಯವಾದರೆ, ಲಸಿಕೆ ಆಗಿರುವ ನಾಯಿಯೇ ಆದರೂ, ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಆಹಾರವನ್ನು ಒಮ್ಮೆಲೇ ಬದಲಾಯಿಸಿದರೆ ಭೇದಿ ಖಚಿತ. ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದರಿಂದಲೇ ಆರಂಭಿಸಿ ವಾರ, ಹತ್ತು ದಿನಗಳಲ್ಲಿ ನಿಮ್ಮ ಕ್ರಮಕ್ಕೆ ತನ್ನಿ. ಮನೆಯ ಸಾರು, ಸಾಂಬಾರನ್ನು ಮುದ್ದೆಗೋ ಅನ್ನಕ್ಕೋ ಕಲಸಿ ಹಾಕುವ ರೂಢಿ ನಮ್ಮಲ್ಲಿದೆ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಾಲ್ಕು ಕಿಲೋ ತೂಗುವ ನಾಯಿಗೆ ಹಾನಿಯಾಗಲು ಹೆಚ್ಚು ಬೇಕಾಗಿಯೂ ಇಲ್ಲ. ದ್ರಾಕ್ಷಿ, ಚಾಕಲೇಟ್, ಬೇಯಿಸಿದ ಕೋಳಿಮೂಳೆ ಕೂಡದು. ಮಾಂಸ ತರದ ಮನೆಯವರು ಅದನ್ನು ಮೊದಲೇ ತಂಡಕ್ಕೆ ತಿಳಿಸಿ, ಏನು ಹಾಕಬಹುದೆಂದು ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ತೋಟ, ಮಳೆ, ಉಣ್ಣೆ, ಚಿರತೆ

ಕಾಫಿ ತೋಟದ ಮನೆಯವರಿಗೆ ಕೆಲವು ಮಾತುಗಳು ಹೆಚ್ಚಾಗಿ ಬೇಕು. ಕಣದಲ್ಲಿ ಹರಡಿದ ಕಾಫಿ ಬೀಜವನ್ನೂ ಪಲ್ಪರ್‌ನಿಂದ ಬಂದ ಸಿಪ್ಪೆಯನ್ನೂ ನಾಯಿ ತಿಂದರೆ ಅದರಲ್ಲಿರುವ ಕೆಫೀನ್ ವಿಷವಾಗುತ್ತದೆ: ಎದೆಬಡಿತ ಹೆಚ್ಚುವುದು, ನಡುಕ, ವಾಂತಿ ಕಂಡರೆ ಕಾಯಬಾರದು. ಇಲಿ ಪಾಷಾಣ, ಕಳೆನಾಶಕಗಳ ಡಬ್ಬಿಗಳನ್ನು ಬೀಗ ಹಾಕಿದ ಕೋಣೆಯಲ್ಲಿಡಿ. ಉಣ್ಣೆ ಸಾಯಲೆಂದು ತೋಟಕ್ಕೆ ಹೊಡೆಯುವ ಔಷಧಿಯನ್ನು ನಾಯಿಯ ಮೈಗೆ ಸವರುವವರು ಇಂದಿಗೂ ಇದ್ದಾರೆ. ಮೈ ನೆಕ್ಕಿಕೊಂಡ ನಾಯಿ ಅದರಿಂದ ಸಾಯಬಹುದು. ಉಣ್ಣೆಗೆ ವೈದ್ಯರು ತೂಕ ನೋಡಿ ಬರೆದುಕೊಡುವ ಮಾತ್ರೆಗಳಿವೆ, ಕುತ್ತಿಗೆಯ ಹಿಂದೆ ಹಾಕುವ ಹನಿಗಳಿವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದವರಿಗೆ ಉಣ್ಣೆಯೆಂದರೆ ನಾಯಿಯ ಕಾಯಿಲೆ ಮಾತ್ರವಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಕಾಡಿನ ಉಣ್ಣೆಯ ಕಡಿತದಿಂದ, ಮತ್ತು ಕಾಡಂಚಿನಲ್ಲಿ ಅಲೆದು ಬಂದ ನಾಯಿ ಅಂತಹ ಉಣ್ಣೆಯನ್ನು ಹಾಸಿಗೆಯವರೆಗೂ ಹೊತ್ತು ತರಬಲ್ಲದು. ಬೇಸಿಗೆಯಲ್ಲಿ ಕಾಡಿನ ಕಡೆಗೆ ಬಿಡದಿರುವುದು, ಸಂಜೆ ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿನಲ್ಲಿ ಹುಡುಕಿ, ಸಿಕ್ಕಿದ್ದನ್ನು ಬರಿಗೈಯಲ್ಲಿ ಹಿಸುಕದೆ ಚಿಮುಟದಿಂದ ತೆಗೆಯುವುದು ಅವಶ್ಯಕ. ಮಳೆಗಾಲದಲ್ಲಿ ಇಂಬಳಗಳೂ ಇದೇ ಸಂದುಗಳನ್ನು ಹಿಡಿಯುತ್ತವೆ. ಮೂಗಿನಿಂದ ಬಿಟ್ಟು ಬಿಟ್ಟು ರಕ್ತ ಬರುತ್ತಿದ್ದರೆ ಒಳಗೆ ಇಂಬಳ ಸೇರಿರಬಹುದು. ಇಲಿಜ್ವರದ ಲಸಿಕೆಯನ್ನು ಮಲೆನಾಡಿನಲ್ಲಿ ತಪ್ಪಿಸಲೇಬಾರದು, ಏಕೆಂದರೆ ಇಲಿಯ ಮೂತ್ರ ಬೆರೆತ ನಿಂತ ನೀರನ್ನು ನೆಕ್ಕುವುದರಿಂದಲೂ ಅದು ಬರುತ್ತದೆ, ಮನುಷ್ಯರಿಗೂ ಅಂಟುತ್ತದೆ.

ಚಿರತೆಗೆ ನಾಯಿ ಸುಲಭದ ಬೇಟೆ. ಸಕಲೇಶಪುರವಿರಲಿ, ಅರಸೀಕೆರೆಯ ಗುಡ್ಡದ ಕಡೆಯಿರಲಿ, ಕತ್ತಲಾದ ಮೇಲೆ ಸಣ್ಣ ನಾಯಿ ಮನೆಯೊಳಗೇ ಇರಬೇಕು; ಕಾವಲಿಗೆಂದು ಅಂಗಳದಲ್ಲಿ ಕಟ್ಟಿಹಾಕುವ ಉದ್ದೇಶವಿದ್ದರೆ ಈ ತಳಿಗಳು ನಿಮಗಲ್ಲ.

ಆಸ್ಪತ್ರೆ ಮತ್ತು ಕಾಗದಪತ್ರ

ಮನೆಗೆ ಬಂದ ವಾರದೊಳಗೆ ಒಮ್ಮೆ ವೈದ್ಯರಿಗೆ ತೋರಿಸಿ, ತೂಕ ಬರೆಸಿಕೊಂಡು, ಜಂತುಹುಳು ಔಷಧಿಯ ವೇಳಾಪಟ್ಟಿ ಕೇಳಿಕೊಳ್ಳಿ. ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನಕರುಗಳ ಒತ್ತಡ ಹೆಚ್ಚಿರುವುದರಿಂದ, ಶಸ್ತ್ರಚಿಕಿತ್ಸೆ, ಎಕ್ಸ್‌ರೇಗಳಿಗೆ ಎಲ್ಲಿಗೆ ಹೋಗಬೇಕೆಂದು ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ. ಮನುಷ್ಯರ ನೋವಿನ ಮಾತ್ರೆಯನ್ನು, ಪ್ಯಾರಾಸಿಟಮಾಲ್ ಆದರೂ ಸರಿ, ಸ್ವಂತ ಬುದ್ಧಿಯಿಂದ ಕೊಡಬೇಡಿ.

ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದ ಹೆಣ್ಣುನಾಯಿಯನ್ನು ತಂದಿದ್ದರೆ ಅದನ್ನು ಮುಂದೂಡಬೇಡಿ. ಬೆದೆ ಮುಗಿದ ಕೆಲವು ವಾರಗಳ ನಂತರ ನಾಯಿ ವಿಪರೀತ ನೀರು ಕುಡಿಯತೊಡಗಿ, ತಿನ್ನುವುದನ್ನು ಬಿಟ್ಟು ಮಂಕಾಗಿ, ಹಿಂಭಾಗದಿಂದ ಕೀವಿನಂತಹ ಸ್ರಾವ ಕಂಡರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಸ್ರಾವವೇ ಇಲ್ಲದೆಯೂ ಹೀಗಾಗುವುದುಂಟು. ಅಂದೇ ಆಸ್ಪತ್ರೆಗೆ ಒಯ್ಯದಿದ್ದರೆ ಜೀವ ಉಳಿಯುವುದು ಕಷ್ಟ. ಮೊದಲು ಮರಿ ಹಾಕಿಸಲು ಬಳಸಿದ್ದ ನಾಯಿಗಳ ವಿಷಯದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು.

ದತ್ತು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ಮರಿ ಹಾಕಿಸಬಾರದು, ಮಾರಬಾರದು, ಬೇರೆಯವರಿಗೆ ದಾಟಿಸಬಾರದು, ಸಾಕಲಾಗದಿದ್ದರೆ ತಂಡಕ್ಕೇ ಮರಳಿಸಬೇಕು ಎಂಬ ಷರತ್ತುಗಳು ಅದರಲ್ಲಿ ಇರುತ್ತವೆ, ಇರಲೇಬೇಕು. ಒಪ್ಪಂದದ ಒಂದು ಪ್ರತಿ, ಲಸಿಕೆ ಕಾರ್ಡು, ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಶಸ್ತ್ರಚಿಕಿತ್ಸೆ ನಿಮ್ಮ ಹೊಣೆಯಾಗಿದ್ದರೆ ಅದು ಮುಗಿದ ಮೇಲೆ ವೈದ್ಯರ ಪ್ರಮಾಣಪತ್ರದ ಪ್ರತಿಯನ್ನೂ, ಮೊದಲ ಕೆಲವು ತಿಂಗಳು ಆಗಾಗ ಒಂದು ಫೋಟೊವನ್ನೂ ತಂಡಕ್ಕೆ ಕಳುಹಿಸುತ್ತಿರಿ. ಮನೆ ಅಥವಾ ಫೋನ್ ನಂಬರ್ ಬದಲಾದರೆ ಅದನ್ನೂ ಅವರಿಗೆ ತಿಳಿಸಿ.