‘ನನಗ್ಯಾಕ ಹಿಂಗಾತ್ರಿ?’ ಎಂದು ಕೇಳುವ ರೋಗಿಯೊಡನೆ ವೈದ್ಯರು ಮಾತನಾಡುವುದು ಹೇಗೆ

ಹುಬ್ಬಳ್ಳಿ, ಗದಗ, ಹಾವೇರಿಗಳ ಆಸ್ಪತ್ರೆಗಳಲ್ಲಿ ವಾಸಿಯಾಗದ ಕಾಯಿಲೆಯ ಹಿರಿಯರು “ನಾ ಯಾರಿಗೂ ಕೆಟ್ಟದ್ದ ಬಯಸಿಲ್ರಿ ಸಾಹೇಬ್ರ, ನನಗ್ಯಾಕ ಹಿಂಗಾತು?” ಎಂದು ಕೇಳುವುದುಂಟು. “ಕಾಳಜಿ ಮಾಡಬ್ಯಾಡ್ರಿ, ಗುಳಿಗಿ ತಗೋರಿ” ಎಂದು ಮುಂದಿನ ಹಾಸಿಗೆಗೆ ಸಾಗುವ ವೈದ್ಯರನ್ನು ಕಲ್ಲುಮನಸ್ಸಿನವರೆನ್ನಲಾಗದು. ಅಳೆಯಲು ಬರುವುದನ್ನಷ್ಟೇ ಕೇಸ್ ಶೀಟಿನಲ್ಲಿ ಬರೆಯುವ ರೂಢಿ, ಹೊರಗೆ ಕಾದಿರುವ ಸರದಿ, ಧರ್ಮದ ಮಾತೆತ್ತಿದರೆ ತಪ್ಪಾದೀತೆಂಬ ಅಳುಕು, “ಅಪ್ಪಗ ಏನೂ ಹೇಳಬ್ಯಾಡ್ರಿ” ಎಂದು ಬಾಗಿಲಲ್ಲೇ ತಡೆಯುವ ಮಕ್ಕಳು, ಇವೆಲ್ಲ ಸೇರಿ ಅವರ ಬಾಯಿ ಕಟ್ಟುತ್ತವೆ.

ಮೊದಲು ಮೈನೋವನ್ನು ಇಳಿಸಬೇಕು. ನರಳುತ್ತಿರುವವರೆದುರು ವೇದಾಂತ ಹೇಳುವುದು ಕ್ರೌರ್ಯವೇ ಸರಿ. ಆದರೆ ಮಾರ್ಫಿನ್ ಹೆಚ್ಚಿಸಿದರೂ ನೋವು ತಗ್ಗದಿದ್ದಾಗ ಬೇರೆ ಕಡೆಗೂ ನೋಡಬೇಕಾಗುತ್ತದೆ. 1967ರಲ್ಲಿ ಲಂಡನ್ನಿನಲ್ಲಿ, ಸಾವಿನಂಚಿನ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಡಾ. ಸಿಸಿಲಿ ಸಾಂಡರ್ಸ್, ದೇಹ, ಮನಸ್ಸು, ಸಂಸಾರ, ಆತ್ಮಗಳ ನೋವುಗಳು ಒಂದರಲ್ಲೊಂದು ಹೆಣೆದುಕೊಂಡಿರುತ್ತವೆಂದು ತೋರಿಸಿದ್ದರು.

ಬಳಿಕ ಸ್ಟೂಲ್ ಎಳೆದುಕೊಂಡು ಕುಳಿತು, “ಕಷ್ಟ ಬಂದಾಗ ನಿಮಗ ಯಾವುದು ಧೈರ್ಯ ಕೊಡತೈತ್ರಿ?” ಎಂದು ಕೇಳಿ ಸುಮ್ಮನಿರಬೇಕು. ಅಮೆರಿಕದ ಡಾ. ಕ್ರಿಸ್ಟಿನಾ ಪುಚಾಲ್ಸ್ಕಿಯವರು 1996ರಲ್ಲಿ ರೂಪಿಸಿದ ‘ಫೈಕಾ’ ಪದ್ಧತಿಯೂ ಇದನ್ನೇ ಕೇಳುತ್ತದೆ: ನಂಬಿಕೆ ಏನು, ಅದಕ್ಕೆ ಬಾಳಿನಲ್ಲಿ ಎಷ್ಟು ಮಹತ್ವ, ಜೊತೆಗೆ ಯಾರಿದ್ದಾರೆ, ಚಿಕಿತ್ಸೆಯಲ್ಲಿ ನಾವು ಏನು ಗಮನಿಸಬೇಕು. ಉತ್ತರ ಸಿದ್ಧಾರೂಢರ ಮಠವಾಗಬಹುದು, ದರ್ಗಾ ಆಗಬಹುದು, ದೇವರನ್ನೇ ನಂಬದವರಿಗೆ ಹೊಲವೋ ಮೊಮ್ಮಗಳೋ ಆಗಬಹುದು. “ಯಾಕ ಹಿಂಗಾತು” ಎಂಬುದಕ್ಕೆ ಪೂರ್ವಜನ್ಮದ ಕರ್ಮವನ್ನು ಎಳೆದು ತರುವ ಅಧಿಕಾರ ವೈದ್ಯರಿಗಿಲ್ಲ, ಬಿಳಿ ಕೋಟು ತೊಟ್ಟವರ ಬಾಯಲ್ಲಿ ಆ ಮಾತು ತೀರ್ಪಿನಂತೆ ಕೇಳಿಸುತ್ತದೆ.

ನಮ್ಮ ಭಾಗದಲ್ಲಿ ಇಷ್ಟಲಿಂಗದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಆಪರೇಷನ್ನಿಗೆ ಒಯ್ಯುವ ಗಡಿಬಿಡಿಯಲ್ಲಿ “ಎಲ್ಲಾ ತೆಗೀರಿ” ಎಂದರೆ, ದೀಕ್ಷೆಯಾದಂದಿನಿಂದ ಲಿಂಗವನ್ನು ಮೈಯಿಂದ ಅಗಲಿಸದ ಅಜ್ಜಿಗೆ ಶಸ್ತ್ರಕ್ರಿಯೆಗಿಂತ ಅದೇ ದೊಡ್ಡ ದಿಗಿಲಾದೀತು. ಲೋಹ ಮೈಮೇಲಿದ್ದರೆ ವಿದ್ಯುತ್ ಉಪಕರಣದಿಂದ ಸುಟ್ಟಗಾಯವಾಗುವ ಅಪಾಯವಿದೆಯೆಂದು ಹಿಂದಿನ ದಿನವೇ ತಿಳಿಸಿ, ಬೆಳ್ಳಿಯ ಕರಡಿಗೆಯನ್ನಷ್ಟೇ ತೆಗೆದು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದೇ, ಇಲ್ಲವೇ ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನು ಅರಿವಳಿಕೆ ತಜ್ಞರೊಡನೆ ಮತ್ತು ಅಜ್ಜಿಯೊಡನೆ ಮಾತಾಡಿ ನಿರ್ಧರಿಸಬೇಕು.

“ಇನ್ನ ಬದುಕಿ ಏನ ಮಾಡೂದ್ರಿ” ಎಂಬ ಮಾತನ್ನು ವೈರಾಗ್ಯವೆಂದು ಬಿಟ್ಟುಬಿಡಬಾರದು. ಖಿನ್ನತೆಯಿದೆಯೇ, ಸಾಯುವ ಯೋಚನೆಯಿದೆಯೇ ಎಂದು ನೇರವಾಗಿ ಕೇಳಿ, ಇದ್ದರೆ ಅಂದೇ ಮನೋವೈದ್ಯರಿಗೆ ತೋರಿಸಬೇಕು. ಉಳಿದಂತೆ ರೋಗಿ ಹೇಳಿದ್ದರಲ್ಲಿ ಇತರರಿಗೆ ತಿಳಿಸಲು ಅವರು ಒಪ್ಪಿದ್ದನ್ನು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದಿಟ್ಟರೆ, ರಾತ್ರಿ ಪಾಳಿಯ ವೈದ್ಯರು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕಾಗುವುದಿಲ್ಲ.