ಆಯಿಲ್ ಮನೇಲಿ, ಬ್ರೇಕ್ ಗ್ಯಾರೇಜಲ್ಲಿ

ಮಂಡ್ಯದ ನಾಲೆ ಏರಿಗಳ ಧೂಳಲ್ಲಿ ಓಡುವ ಕಾರಿನ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ. ಅದನ್ನು ಬದಲಿಸಲು ಗ್ಯಾರೇಜ್ ಬೇಕಿಲ್ಲ: ಡಬ್ಬಿಯ ಕ್ಲಿಪ್ ಬಿಚ್ಚಿ, ಒಳಗೆ ಒರೆಸಿ, ಹೊಸದು ಕೂರಿಸಿ. ಪೇಪರ್ ಫಿಲ್ಟರನ್ನು ತೊಳೆಯೋದು ಮಾತ್ರ ಬೇಡ.

ಆಯಿಲ್ ಬದಲಿಸುವಾಗ ಬರೀ ಜಾಕ್ ನಂಬಿ ಕಾರಿನಡಿ ನುಗ್ಗಬೇಡಿ, ಸ್ಟ್ಯಾಂಡ್ ಕೊಡಿ. ಹಳೆ ಆಯಿಲ್ ಇಳಿಸಲು ಎಂಜಿನ್ನಿನಡಿ ಬಿಚ್ಚುವ ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಹಳೇದಾದರೆ ಜಿನುಗುತ್ತೆ, ಅದಕ್ಕೆಂದು ಇನ್ನಷ್ಟು ಬಿಗಿದರೆ ಥ್ರೆಡ್ಡೇ ಹೋಗುತ್ತೆ. ಹಳೆ ಆಯಿಲ್ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ನೋಡಿ. ಎರಡು ರಿಂಗ್ ಸೇರಿದರೆ ಆಯಿಲ್ ಚಿಮ್ಮುತ್ತೆ. ಹೊಸ ರಿಂಗಿಗೆ ಆಯಿಲ್ ಸವರಿ, ಅದು ಎಂಜಿನ್ನಿಗೆ ತಾಗಿದ ಮೇಲೆ ಫಿಲ್ಟರನ್ನು ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿ. ಸಣ್ಣ ಪೆಟ್ರೋಲ್ ಕಾರಿಗೆ 3 ಲೀಟರಿನ ಆಸುಪಾಸು ಸಾಕು; ಆಯಿಲ್ ಮಟ್ಟ ತೋರಿಸುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ನೋಡುತ್ತಾ ಹಾಕಿ.

ಬ್ರೇಕ್, ಕ್ಲಚ್, ವೀಲ್ ಅಲೈನ್‌ಮೆಂಟ್ ಗ್ಯಾರೇಜಿಗೇ ಬಿಡಿ. ವಾರಂಟಿ ಇರುವ ಕಾರನ್ನಂತೂ ಬಿಚ್ಚಲೇಬೇಡಿ.