ಕರೆಗಂಟೆ ಒತ್ತಿದರೆ ಯಾರಾದರೂ ಬರುತ್ತಾರಾ? ಜೈಲು ತಪಾಸಣೆಯಲ್ಲಿ ನನ್ನ ಅನುಭವ

ಜೈಲು ತಪಾಸಣೆ ಸಂಸ್ಥೆಯಲ್ಲಿ ನೀತಿ ವಿಭಾಗ ನೋಡಿಕೊಳ್ಳುತ್ತಿದ್ದೆ ಅಂದರೆ ಬೆಂಗಳೂರಿನ ಗೆಳೆಯರು, 'ಓ, ಸರ್ಕಾರಕ್ಕೆ ಕಾನೂನು ಬರೆದುಕೊಡೋದಾ?' ಎಂದು ಕೇಳುತ್ತಾರೆ. ಅದಲ್ಲ. ನಾನಿದ್ದದ್ದು ಲಂಡನ್ನಿನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್ ಜೈಲುಗಳನ್ನು ನೋಡುವ ಎಚ್‌ಎಂ ಇನ್‌ಸ್ಪೆಕ್ಟರೇಟ್ ಆಫ್ ಪ್ರಿಸನ್ಸ್‌ನಲ್ಲಿ. ಒಂದು ಜೈಲಿನಿಂದ ನಾವು ಏನನ್ನು ನಿರೀಕ್ಷಿಸುತ್ತೇವೆ ಎಂಬುದನ್ನು ಬರೆದಿಡುವುದು, ಅದು ಸಡಿಲವಾಗದ ಹಾಗೆ ಕಾಯುವುದು, ಇದೇ ನಮ್ಮ ತಂಡದ ಮುಖ್ಯ ಕೆಲಸ.

ಮೊದಲು ಅಲ್ಲಿ ಜೈಲು ಇಲಾಖೆಯೇ ತನ್ನ ಜೈಲುಗಳನ್ನು ತಪಾಸಣೆ ಮಾಡಿಕೊಳ್ಳುತ್ತಿತ್ತು. ಪರೀಕ್ಷೆ ಬರೆಯುವವನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. 1979ರಲ್ಲಿ ನ್ಯಾಯಮೂರ್ತಿ ಮೇ ಅವರ ಸಮಿತಿ ತಪಾಸಣೆಯನ್ನು ಇಲಾಖೆಯಿಂದ ಬೇರೆ ಮಾಡಿ ಎಂದಿತು. 1982ರ ಕಾನೂನು ಮುಖ್ಯ ಇನ್‌ಸ್ಪೆಕ್ಟರ್ ಹುದ್ದೆಗೆ ಶಾಸನದ ಬಲ ಕೊಟ್ಟಿತು. ಆದರೂ ದುಡ್ಡು ಬರುವುದು ನ್ಯಾಯ ಸಚಿವಾಲಯದಿಂದಲೇ. ಹಾಗಾಗಿ ಸ್ವಾತಂತ್ರ್ಯ ಒಮ್ಮೆ ಸಿಕ್ಕಿತು, ಮುಗಿಯಿತು ಅನ್ನುವ ಹಾಗಿಲ್ಲ. ನನ್ನ ಪ್ರಕಾರ ಅದು ಉಳಿದಿರುವುದು ಒಂದು ಕಾರಣಕ್ಕೆ: ಇಲಾಖೆಯ ನಿಯಮಗಳನ್ನು ಇಟ್ಟುಕೊಂಡು ನಾವು ಜೈಲನ್ನು ನೋಡುವುದಿಲ್ಲ. ಮಾನವ ಹಕ್ಕುಗಳ ಮಾನದಂಡಗಳಿಂದ ನಾವೇ ಬರೆದು ಪ್ರಕಟಿಸಿದ 'ಎಕ್ಸ್‌ಪೆಕ್ಟೇಷನ್ಸ್' ಇಟ್ಟುಕೊಂಡು ನೋಡುತ್ತೇವೆ.

ಅದರಲ್ಲಿ ದೊಡ್ಡ ಪ್ರಶ್ನೆಗಳು ನಾಲ್ಕು. ಒಳಗಿರುವವರು ಸುರಕ್ಷಿತವಾಗಿದ್ದಾರಾ? ಅವರನ್ನು ಮನುಷ್ಯರಂತೆ ಕಾಣುತ್ತಾರಾ? ದಿನವನ್ನು ಕೆಲಸ, ಓದಿನಂಥ ಉಪಯೋಗಕ್ಕೆ ಬರುವುದರಲ್ಲಿ ಕಳೆಯಲು ಆಗುತ್ತಾ? ಬಿಡುಗಡೆಗೆ ತಯಾರಿ ನಡೆಯುತ್ತಾ? ಒಂದೊಂದಕ್ಕೂ 1ರಿಂದ 4ರವರೆಗೆ ಅಂಕ. ಕೇಳಲು ಸುಲಭ. ಇವುಗಳ ಕೆಳಗೆ ಬರುವ ಸಣ್ಣ ಸಣ್ಣ ಸಾಲುಗಳನ್ನು ಬರೆಯುವುದರಲ್ಲೇ ನಿಜವಾದ ಕಷ್ಟ ಇರುವುದು.

ಸೆಲ್‌ನ ಕರೆಗಂಟೆಯನ್ನೇ ತೆಗೆದುಕೊಳ್ಳಿ. ರಾತ್ರಿ ಬಾಗಿಲು ಹಾಕಿದ ಮೇಲೆ ಕೈದಿಗೆ ಉಳಿಯುವ ಆಸರೆ ಅದೊಂದೇ. ಎದೆನೋವು ಬಂದರೂ, ಜೊತೆಗಿರುವವನು ಹೊಡೆದರೂ, ಬದುಕು ಸಾಕು ಅನ್ನಿಸಿದರೂ ಒತ್ತಬೇಕಾದ್ದು ಅದನ್ನೇ. 'ಪ್ರತಿ ಸೆಲ್‌ನಲ್ಲೂ ಕರೆಗಂಟೆ ಇರಬೇಕು' ಎಂದು ಬರೆದರೆ ಎಲ್ಲ ಜೈಲೂ ಪಾಸು. 'ಸಿಬ್ಬಂದಿಗೆ ಸೂಚನೆ ಕೊಟ್ಟಿರಬೇಕು' ಎಂದು ಬರೆದರೆ ಸುತ್ತೋಲೆ ತೋರಿಸುತ್ತಾರೆ. ನಾವು ಕೇಳುವುದು ಬೇರೆ: ಒತ್ತಿದ ಐದು ನಿಮಿಷದೊಳಗೆ ಯಾರಾದರೂ ಬರುತ್ತಾರಾ? ಕೈದಿಗಳಿಗೆ ಕೊಡುವ ಗುಪ್ತ ಪ್ರಶ್ನಾವಳಿಯಲ್ಲೂ ಇದೇ ಪ್ರಶ್ನೆ ಇದೆ. ಅವರ ಉತ್ತರವನ್ನು ಇನ್‌ಸ್ಪೆಕ್ಟರ್ ಕಣ್ಣಾರೆ ನೋಡಿದ್ದರ ಜೊತೆ, ಗಂಟೆ ಒತ್ತಿದ್ದು ದಾಖಲಾಗುವ ಕಡೆ ಆ ದಾಖಲೆಯ ಜೊತೆ, ರಾತ್ರಿ ಪಾಳಿಯವರ ಮಾತಿನ ಜೊತೆ ಇಟ್ಟು ನೋಡುತ್ತೇವೆ. ಒಬ್ಬರ ಮಾತನ್ನು ನಂಬಿಕೊಂಡು ವರದಿ ಬರೆಯುವುದಿಲ್ಲ. ಅದು ಗವರ್ನರ್ (ಅಲ್ಲಿ ಜೈಲಿನ ಮುಖ್ಯಸ್ಥರನ್ನು ಹಾಗೆ ಕರೆಯುತ್ತಾರೆ) ಮಾತಾದರೂ ಅಷ್ಟೇ, ಕೈದಿಯ ಮಾತಾದರೂ ಅಷ್ಟೇ.

ಹೊಸ ಸಾಲು ಸೇರಿಸುವಾಗಲೆಲ್ಲ ನಾನು ತಂಡಕ್ಕೆ ಹೇಳುತ್ತಿದ್ದದ್ದು ಒಂದೇ: ಕಡತ ನೋಡಿಯೇ 'ಹೌದು' ಅನ್ನಬಹುದಾದರೆ ಆ ಸಾಲು ಬೇಡ. ವಾಕ್ಯದ ಕೊನೆಯಲ್ಲಿ ಕೈದಿ ಇರಬೇಕು, ಇಲಾಖೆಯಲ್ಲ.

ತಪಾಸಣೆಗಳಲ್ಲಿ ಹೆಚ್ಚಿನವು ಹೇಳದೆ ಹೋಗುವಂಥವು. ಇನ್‌ಸ್ಪೆಕ್ಟರ್‌ಗಳ ಕೈಯಲ್ಲೇ ಕೀಲಿ ಇರುತ್ತದೆ, ಜೊತೆಗೆ ಯಾರೂ ಇಲ್ಲದೆ ಯಾವ ಬ್ಲಾಕಿಗೆ ಬೇಕಾದರೂ ಹೋಗುತ್ತಾರೆ. ನೀತಿ ತಂಡದವರೂ ಆಗಾಗ ಅವರೊಂದಿಗೆ ಹೋಗಲೇಬೇಕು. ಮೇಜಿನ ಮುಂದೆಯೇ ಕೂತರೆ ಸಾಲುಗಳು ಬಹಳ ಬೇಗ ಇಲಾಖೆಯ ಭಾಷೆಗೆ ತಿರುಗಿಬಿಡುತ್ತವೆ.

ಎಲ್ಲಕ್ಕಿಂತ ಜಾಸ್ತಿ ವಾದ ಮಾಡಬೇಕಾಗಿ ಬರುವುದು 'ಸದ್ಯದ ಪರಿಸ್ಥಿತಿ' ಎಂಬ ಮಾತಿನ ಎದುರು. ಸಿಬ್ಬಂದಿ ಇಲ್ಲ, ಜೈಲು ತುಂಬಿದೆ, ಹಾಗಾಗಿ ನಿರೀಕ್ಷೆಯನ್ನು ಸ್ವಲ್ಪ ಇಳಿಸಿ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೋವಿಡ್ ಕಾಲದಲ್ಲಿ ಇದು ಬಹಳ ಗಟ್ಟಿ ಪ್ರಶ್ನೆಯಾಯಿತು. 2020ರ ಮಾರ್ಚ್ ನಂತರ ಬಹುತೇಕ ಕೈದಿಗಳು ದಿನಕ್ಕೆ 22 ಗಂಟೆಗೂ ಹೆಚ್ಚು ಹೊತ್ತು ಸೆಲ್‌ನೊಳಗೇ ಇದ್ದರು. ಜನರ ಒಡನಾಟವಿಲ್ಲದೆ ಅಷ್ಟು ಹೊತ್ತು ಇಟ್ಟರೆ ಅದು ಏಕಾಂತವಾಸ, 15 ದಿನ ದಾಟಿದರೆ ನಿಷಿದ್ಧ ಎನ್ನುತ್ತವೆ ಕೈದಿಗಳನ್ನು ನೋಡಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ಮಾಡಿದ 2015ರ ಮಂಡೇಲಾ ನಿಯಮಗಳು. ರೋಗ ತಡೆಯಲು ನಿರ್ಬಂಧ ಬೇಕಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಕಾರಣ ಒಳ್ಳೆಯದು ಎಂದ ಮಾತ್ರಕ್ಕೆ ಸೆಲ್‌ನೊಳಗಿನವನಿಗೆ ಆಗುವ ಹಾನಿ ಕಡಿಮೆಯಾಗುವುದಿಲ್ಲ, ಅಲ್ವಾ? ತಪಾಸಣೆಯ ರೀತಿ ಬದಲಾಯಿತು, ಭೇಟಿಗಳು ಚಿಕ್ಕದಾದವು. ಕಂಡದ್ದನ್ನು ಮಾತ್ರ ಕಂಡಂತೆಯೇ ಬರೆದೆವು.

ನಮಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ. ಜೈಲು ಮುಚ್ಚಿಸಲೂ ಆಗದು, ಗವರ್ನರ್‌ನನ್ನು ಬದಲಿಸಲೂ ಆಗದು. ಇರುವುದು ವರದಿ. ಅದರ ಜೊತೆಗೆ 2017ರಿಂದ 'ಅರ್ಜೆಂಟ್ ನೋಟಿಫಿಕೇಶನ್' ಇದೆ. ಪರಿಸ್ಥಿತಿ ತೀರಾ ಕೆಟ್ಟಿದ್ದರೆ ಮುಖ್ಯ ಇನ್‌ಸ್ಪೆಕ್ಟರ್ ಸಚಿವರಿಗೆ ಪತ್ರ ಬರೆದು ಪ್ರಕಟಿಸುತ್ತಾರೆ, ಸಚಿವರು 28 ದಿನಗಳೊಳಗೆ ಬಹಿರಂಗವಾಗಿ ಉತ್ತರ ಕೊಡಬೇಕು. ಮೊದಲ ಪತ್ರ 2018ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಜೈಲಿನ ಬಗ್ಗೆ ಹೋಯಿತು. ಇನ್ನೊಂದು ವಿಷಯವನ್ನು ಎಂದೂ ಮರೆಯಬಾರದು. ನಮ್ಮ ಹತ್ತಿರ ಮಾತಾಡಿದ ಕೈದಿಗೆ ನಾವು ಹೊರಟ ಮೇಲೆ ತೊಂದರೆ ಆಗಬಾರದು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದದ ಐಚ್ಛಿಕ ಪ್ರೋಟೊಕಾಲ್ (ದೇಶಗಳು ಬೇಕಿದ್ದರೆ ಸೇರಬಹುದಾದ ಪೂರಕ ಒಪ್ಪಂದ) ಇದನ್ನು ಸ್ಪಷ್ಟವಾಗಿ ಹೇಳುತ್ತದೆ, ಬ್ರಿಟನ್ ಅದಕ್ಕೆ ಬದ್ಧ. ಭಾರತ 1997ರಲ್ಲಿ ಮೂಲ ಒಪ್ಪಂದಕ್ಕೆ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ.

'ನಮ್ಮಲ್ಲಿ ಇದೆಲ್ಲ ಆಗುತ್ತಾ?' ಎಂದು ಕೇಳುವವರಿಗೆ ನಾನು ನಮ್ಮ ಜೈಲುಗಳಿಗೆ ಭೇಟಿ ಕೊಟ್ಟು ನೋಡಲೆಂದೇ ಇರುವ ಸಂದರ್ಶಕ ಮಂಡಳಿಗಳನ್ನು (ಬೋರ್ಡ್ ಆಫ್ ವಿಸಿಟರ್ಸ್) ತೋರಿಸುತ್ತೇನೆ. ಹೊಸ ಸಂಸ್ಥೆ ಬರುವವರೆಗೆ ಕಾಯಬೇಕಿಲ್ಲ. ಜೈಲುಗಳಲ್ಲಿ ಜಾತಿ ತಾರತಮ್ಯದ ಬಗ್ಗೆ 2024ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಈ ಮಂಡಳಿಗಳೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳೂ ಸೇರಿ ನಿಯಮಿತವಾಗಿ ತಪಾಸಣೆ ಮಾಡಬೇಕು ಎಂದಿದೆ. ಹೋಗುವವರ ಕೈಯಲ್ಲಿ ಒಳ್ಳೆಯ ಪ್ರಶ್ನೆಗಳಿರಬೇಕು, ಅಷ್ಟೇ. 'ಕೆಲಸ ಹಂಚಿಕೆಯಲ್ಲಿ ತಾರತಮ್ಯ ಇದೆಯೇ?' ಎಂದು ಅಧೀಕ್ಷಕರನ್ನು ಕೇಳಿದರೆ 'ಇಲ್ಲ' ಅನ್ನುತ್ತಾರೆ. ಅದರ ಬದಲು ಕಕ್ಕಸು ತೊಳೆಯುತ್ತಿರುವವರನ್ನೂ ಅಡುಗೆಮನೆಯಲ್ಲಿ ಇರುವವರನ್ನೂ ಒಬ್ಬೊಬ್ಬರಾಗಿ, ಸಿಬ್ಬಂದಿಯ ಕಿವಿಗೆ ಬೀಳದ ಕಡೆ ಕೂರಿಸಿ ಕೇಳಲಿ: ಈ ಕೆಲಸ ನಿಮಗೆ ಹೇಗೆ ಬಂತು? 2022ರ ಕೊನೆಗೆ ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಅವರಿಗೆ ಇನ್ನೂ ಒಂದು ಪ್ರಶ್ನೆ ಇರಲಿ: ವಕೀಲರ ಹತ್ತಿರ ಕೊನೆಯ ಸಲ ಮಾತಾಡಿದ್ದು ಯಾವಾಗ?